ಜೆ.ಸಿ. ರಸ್ತೆಯ ಟ್ಯೂನಿಂಗ್ ದಿನಗಳು

ಎಂಬತ್ತರ ದಶಕದಲ್ಲಿ ಬೆಂಗಳೂರಿನ ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ಲಿನವರೆಗೆ ಜೆ.ಸಿ. ರಸ್ತೆಯುದ್ದಕ್ಕೂ ಕಾರಿನ ಬಿಡಿಭಾಗಗಳ ಅಂಗಡಿಗಳೇ. ಆದರೆ ಅಡ್ಡರಸ್ತೆಗಳ ಗ್ಯಾರೇಜುಗಳಲ್ಲಿ ಒಳ್ಳೆಯ ಮೇಸ್ತ್ರಿ ಯಾರನ್ನೂ ಮೊದಲು ಆ ಅಂಗಡಿಗಳಿಗೆ ಕಳಿಸುತ್ತಿರಲಿಲ್ಲ. ಸ್ಕ್ರೂಡ್ರೈವರ್, ಫೀಲರ್ ಗೇಜು, ಒಂದು ತುಂಡು ಎಮರಿ ಪೇಪರ್ ಹಿಡಿದು ಬಾನೆಟ್ ಎತ್ತುತ್ತಿದ್ದ. ಅಂಥ ಒಂದು ಗ್ಯಾರೇಜಿನಲ್ಲಿ ನಾನು ಕೆಲಸ ಕಲಿತೆ.

ಬರುವವರ ದೂರು ಹೆಚ್ಚುಕಡಿಮೆ ಒಂದೇ: ‘ಪಿಕಪ್ ಇಲ್ಲ, ಮೈಲೇಜೂ ಕೊಡ್ತಿಲ್ಲ.’ ಪ್ರೀಮಿಯರ್ ಪದ್ಮಿನಿಯದು 1089 ಸಿಸಿ ಎಂಜಿನ್, ನಲವತ್ತು ಚಿಲ್ಲರೆ ಅಶ್ವಶಕ್ತಿ. ಅಷ್ಟರಲ್ಲಿ ನಾಲ್ಕೈದು ಸೋರಿಹೋದರೂ ಮಲ್ಲೇಶ್ವರದ ಏರಿನಲ್ಲಿ ಗೊತ್ತಾಗಿಬಿಡುತ್ತಿತ್ತು. ಸೋರಿಹೋದದ್ದನ್ನು ಖರ್ಚಿಲ್ಲದೆ ವಾಪಸು ತರುವುದಕ್ಕೇ ಟ್ಯೂನಿಂಗ್ ಅನ್ನುತ್ತಿದ್ದೆವು. ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚು ತರುತ್ತೇನೆಂದು ನಮ್ಮ ಮೇಸ್ತ್ರಿ ಒಂದು ದಿನವೂ ಹೇಳಿದವರಲ್ಲ.

ಅವರು ಮೊದಲು ಕೇಳುತ್ತಿದ್ದದ್ದು ‘ಯಾವ ಊರಿನ ಗಾಡಿ?’ ಎಂದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ತೆಳು. ಮಂಗಳೂರಿನಲ್ಲಿ ಹದವಾಗಿ ಓಡುತ್ತಿದ್ದ ಕಾರು ಘಾಟಿ ಹತ್ತಿ ಇಲ್ಲಿಗೆ ಬಂದರೆ, ಅದೇ ಕಾರ್ಬ್ಯುರೇಟರ್ ಜೆಟ್‌ನಲ್ಲಿ ಗಾಳಿಗಿಂತ ಪೆಟ್ರೋಲೇ ಹೆಚ್ಚಾಗಿ ಹೋಗಿ ಪ್ಲಗ್ಗಿನ ಮೂತಿಗೆ ಕಪ್ಪು ಮಸಿ ಕಟ್ಟುತ್ತಿತ್ತು. ಇಲ್ಲಿ ಸಿಲಿಂಡರಿನ ಒತ್ತಡವೂ ಕಡಿಮೆ, ಹಾಗಾಗಿ ಕಿಡಿಯನ್ನು ಕೊಂಚ ಮುಂಚೆ ಹಾರಿಸಬಹುದು, ಎಂಜಿನ್ ಚುರುಕಾಗುತ್ತದೆ. ಆದರೆ ಹಾಗೆ ಟೈಮಿಂಗ್ ಮುಂದಿಟ್ಟ ಕಾರು ಕರಾವಳಿಗೆ ಇಳಿದು, ಹಿಂದಿರುಗುವಾಗ ಶಿರಾಡಿಯ ಬುಡದಲ್ಲಿ ತುಂಬಿದ ಲಗೇಜಿನೊಡನೆ ಏರತೊಡಗಿದರೆ ಕಟಕಟ ನಾಕಿಂಗ್ ಖಂಡಿತ. ಆಗ ಸಾಮಾನ್ಯ ಪೆಟ್ರೋಲು 87 ಆಕ್ಟೇನಿನದು, ಸೀಮೆಎಣ್ಣೆ ಬೆರೆತಿದ್ದರೆ ಅದಕ್ಕಿಂತಲೂ ಕಡೆ.

ಟೈಮಿಂಗ್ ಇಡುವುದನ್ನು ನೋಡಬೇಕಿತ್ತು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ತೆರೆದಾಗ ಕಿಡಿ ಹಾರಿಸುವ, ಸುಟ್ಟು ಗುಳಿಬಿದ್ದ ಪಾಯಿಂಟುಗಳನ್ನು ಎಮರಿಯಿಂದ ಉಜ್ಜಿ, ಸುಮಾರು 0.4 ಮಿಲಿಮೀಟರ್ ಗ್ಯಾಪು ಬಿಡುತ್ತಿದ್ದರು. ಫೀಲರ್ ಗೇಜು ಕೈಗೆ ಸಿಗದಿದ್ದರೆ ವಿಸಿಟಿಂಗ್ ಕಾರ್ಡನ್ನೇ ತೂರಿಸಿ ನೋಡುವುದೂ ಇತ್ತು. ಆಮೇಲೆ 12 ವೋಲ್ಟಿನ ಸಣ್ಣ ಬಲ್ಬು. ಅದರ ಒಂದು ವೈರು ಪಾಯಿಂಟಿನ ಟರ್ಮಿನಲ್ಲಿಗೆ, ಇನ್ನೊಂದು ಬಾಡಿಗೆ. ಎಂಜಿನ್ನನ್ನು ಟೈಮಿಂಗ್ ಗುರುತಿಗೆ ತಂದು ನಿಲ್ಲಿಸಿ, ಕೀ ಆನ್ ಮಾಡಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಬೇಕು. ಬಲ್ಬು ಹೊತ್ತಿತೆಂದರೆ ಪಾಯಿಂಟು ಆ ಕ್ಷಣದಲ್ಲಿ ತೆರೆದುಕೊಂಡಿತೆಂದು ಅರ್ಥ, ಅಲ್ಲೇ ಬೋಲ್ಟು ಬಿಗಿ. ಕೊನೆಯ ತೀರ್ಪು ಮಾತ್ರ ಕಿವಿಯದು. ಟಾಪ್ ಗೇರಿನಲ್ಲಿ ಏರು ಹತ್ತಿಸುತ್ತ ಆಕ್ಸಲರೇಟರ್ ಪೂರ್ತಿ ಒತ್ತಿದಾಗ ನಾಕಿಂಗ್ ಒಮ್ಮೆ ಇಣುಕಿ ಮರೆಯಾದರೆ ಸರಿ, ಹಾಗೇ ಮುಂದುವರಿದರೆ ಟೈಮಿಂಗ್ ಒಂದಿಷ್ಟು ಹಿಂದಕ್ಕೆ. ವಾಪಸು ಬಂದು ಪ್ಲಗ್ ಬಿಚ್ಚಿದಾಗ ಬಿಸ್ಕತ್ತಿನ ಬಣ್ಣ ಕಂಡರೆ ಆ ಕಾರಿನ ಕೆಲಸ ಮುಗಿಯಿತು.

ಹಳೆಯ ಅಂಬಾಸಿಡರ್‌ಗಳಿಗೆ ಹೆಡ್ ಇಳಿಸಿ ಕಾರ್ಬನ್ ಕೆರೆಯುವ ಕೆಲಸವೂ ಇತ್ತು. ಪಿಸ್ಟನ್ನಿನ ತಲೆ ಕೆರೆಯುವಾಗ ಅಂಚಿನಲ್ಲೊಂದು ತೆಳು ಉಂಗುರದಷ್ಟು ಕಾರ್ಬನ್ ಬಿಡಬೇಕು, ಅದನ್ನೂ ತೆಗೆದರೆ ಆಯಿಲ್ ಮೇಲೇರುತ್ತದೆ ಎಂದು ಕಲಿಸಿದರು. ವಾಲ್ವುಗಳಿಗೆ ಪೇಸ್ಟ್ ಹಚ್ಚಿ, ಕಡ್ಡಿಯನ್ನು ಎರಡೂ ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ಅತ್ತಿತ್ತ ತಿರುಗಿಸುತ್ತಿದ್ದೆವು. ಪೋರ್ಟಿಗೆ ಸೀಮೆಎಣ್ಣೆ ಸುರಿದು ತೊಟ್ಟಿಕ್ಕದಿದ್ದರೆ ವಾಲ್ವು ಸರಿಯಾಗಿ ಕೂತಿದೆ ಎಂದು ಲೆಕ್ಕ.

ಬಿಟ್ಟಿ ಉಪಾಯಗಳೆಲ್ಲ ಒಳ್ಳೆಯವಾಗಿದ್ದವು ಅನ್ನಲಾರೆ. ಎಂಜಿನ್ ತಣ್ಣಗಿರಲೆಂದು ಥರ್ಮೋಸ್ಟಾಟ್ ಕಿತ್ತುಹಾಕುವುದು ಎಷ್ಟೋ ಗ್ಯಾರೇಜುಗಳ ರೂಢಿ. ಎಂಜಿನ್ ಕಾವಿಗೆ ಬರುವುದು ತಡವಾಗಿ, ಪೆಟ್ರೋಲು ಹೆಚ್ಚು ಕುಡಿದು, ಸಿಲಿಂಡರ್ ಬೇಗ ಸವೆಯುತ್ತಿತ್ತು. ಏರ್ ಫಿಲ್ಟರ್ ತೆಗೆದು ಓಡಿಸಿದವರಿಗೆ ಸದ್ದು ಜೋರಾಗಿ ಕೇಳಿ ವೇಗ ಹೆಚ್ಚಾದಂತೆ ಭಾಸವಾಗುತ್ತಿತ್ತು. ಒಳಗೆ ಸೇರಿದ ರಸ್ತೆಯ ಧೂಳು ಪಿಸ್ಟನ್ ರಿಂಗುಗಳನ್ನು ತಿಂದುಹಾಕುತ್ತಿತ್ತು.

1998ರಲ್ಲಿ ಹ್ಯುಂಡೈ ಸ್ಯಾಂಟ್ರೋ ಬಂತು. ಬಾನೆಟ್ ಎತ್ತಿದರೆ ಕಾರ್ಬ್ಯುರೇಟರ್ ಇಲ್ಲ, ಉಜ್ಜಲು ಪಾಯಿಂಟಿಲ್ಲ, ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಸಿಂಪಡಿಸುವ ವ್ಯವಸ್ಥೆ, ಎಲ್ಲ ಎಂಪಿಎಫ್‌ಐ. 2000ದಲ್ಲಿ ಹೊಸ ಮಾಲಿನ್ಯ ನಿಯಮ ಬಂದು, ಸೀಸದ ಪೆಟ್ರೋಲೂ ದೇಶದಿಂದ ಹೋಯಿತು. ಆಮೇಲೆ ಮಾರುತಿ 800 ಕೂಡ ಅದೇ ದಾರಿ ಹಿಡಿಯಿತು. ಮೇಸ್ತ್ರಿ ಕೇಳಿ ತಿಳಿಯುತ್ತಿದ್ದ ಊರಿನ ಎತ್ತರವನ್ನು ಈಗ ಒಂದು ಸೆನ್ಸರ್ ಗಾಳಿಯ ಒತ್ತಡದಿಂದ ತಾನೇ ಅರಿಯುತ್ತದೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಇನ್ನೊಂದು ಅಳೆಯುತ್ತದೆ. ಇಂಥ ನಿಖರತೆ ನಮ್ಮ ಕೈಯಲ್ಲಿ ಇರಲಿಲ್ಲ. ಗಾಳಿಗೂ ಕಾರಿಗೂ ಇದರಿಂದ ಒಳ್ಳೆಯದೇ ಆಯಿತು.

ಆದರೆ ಕೆಲಸ ಹೋಯಿತು. ನನ್ನ ಜೊತೆಗಿದ್ದವರಲ್ಲಿ ಕೆಲವರು ಸ್ಕ್ಯಾನರ್ ಕಲಿತರು, ಕೆಲವರು ಎಸಿ ರಿಪೇರಿಗೆ ಹೋದರು, ವಯಸ್ಸಾದವರು ಮನೆ ಸೇರಿದರು. ಜೆ.ಸಿ. ರಸ್ತೆಯಲ್ಲಿ ಈಗ ಸೀಟ್ ಕವರ್, ಸ್ಟೀರಿಯೋ, ಅಲಾಯ್ ವೀಲುಗಳದ್ದೇ ವ್ಯಾಪಾರ. ನನಗೆ ನಿಜಕ್ಕೂ ಬೇಸರವಾಗುವುದು ಬೇರೆ ವಿಷಯಕ್ಕೆ. ಆಗಿನ ಮಾಲೀಕ ಪಕ್ಕದಲ್ಲಿ ನಿಂತು ಪ್ಲಗ್ಗಿನ ಬಣ್ಣ ನೋಡುತ್ತಿದ್ದ, ತನ್ನ ಕಾರಿಗೆ ಏನಾಗಿದೆಯೆಂದು ಅವನಿಗೆ ಗೊತ್ತಿರುತ್ತಿತ್ತು. ಈಗಿನವನಿಗೆ ಸಿಗುವುದು ಬಿಲ್ಲು ಮಾತ್ರ.

ಇವತ್ತಿಗೂ ಕಾಸಿಲ್ಲದೆ ಮಾಡಬಹುದಾದದ್ದು ಇದೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿ, ಡಿಕ್ಕಿಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಭಾರ ಇಳಿಸಿ, ಏರ್ ಫಿಲ್ಟರನ್ನು ನೀವೇ ಹೊರತೆಗೆದು ನೋಡಿ. ಪಿಕಪ್ ಹೆಚ್ಚಿಸಲು ಕೆಟಲಿಟಿಕ್ ಕನ್ವರ್ಟರ್ ಬಿಚ್ಚಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಮಾತ್ರ ಒಪ್ಪಬೇಡಿ. ಅದು ಹೋದರೆ ಎಂಜಿನ್ನಿನ ವಿಷವೆಲ್ಲ ನಿಮ್ಮ ಹಿಂದೆ ಸ್ಕೂಟರಿನಲ್ಲಿ ಬರುವವನ ಮೂಗಿಗೇ ಹೋಗುತ್ತದೆ.