ನಾಲ್ವರು ಮಲಗುವ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಗಾಲಿಯ ಮೇಲಿನ ಮನೆಯನ್ನು ಕಂಡವರಲ್ಲ. ಕಂಡಿದ್ದರೆ ಗಾದೆಗೆ ಮೂರನೆಯ ತುಂಡೊಂದನ್ನು ಸೇರಿಸುತ್ತಿದ್ದರೆಂದು ನನಗೆ ತೋರುತ್ತದೆ. ಕಟ್ಟಿದ ಮನೆಯಲ್ಲಿ ಕೋಣೆ ಸಾಲದೆ ಬಂದರೆ ಮೇಲೊಂದು ಅಂತಸ್ತು ಎಬ್ಬಿಸಬಹುದು. ಮದುವೆಗೆ ಬಂದ ನೆಂಟರು ಹೆಚ್ಚಾದರೆ ಪಕ್ಕದ ಮನೆಯ ಜಗಲಿಯಲ್ಲಿ ಚಾಪೆ ಹಾಸಬಹುದು. ಗಾಲಿಯ ಮನೆಗೆ ಈ ಎರಡು ಉಪಾಯವೂ ಇಲ್ಲ. ಅಲ್ಲಿ ಯಾರು ಎಲ್ಲಿ ಮಲಗಬೇಕೆಂಬುದು ಕೊಳ್ಳುವ ದಿನವೇ ತೀರ್ಮಾನವಾಗಿಬಿಡಬೇಕು.

ನಮ್ಮ ಕಡೆ ಕ್ಯಾರವಾನ್ ಎಂದೊಡನೆ ಜನ ಸಿನಿಮಾ ನಟರು ಬಣ್ಣ ಹಚ್ಚಿಕೊಳ್ಳುವ ದೊಡ್ಡ ಬಸ್ಸನ್ನು ನೆನೆಯುತ್ತಾರೆ. ನಾನು ಹೇಳಹೊರಟಿರುವುದು ಅದಲ್ಲ. ಉದ್ಯೋಗದ ನೆಪದಲ್ಲಿ ನಾನು ಬಂದು ನೆಲೆಸಿರುವ ಇಂಗ್ಲೆಂಡಿನಲ್ಲಿ ಕ್ಯಾರವಾನ್ ಎಂದರೆ ಎಂಜಿನ್ ಇಲ್ಲದ, ಡಬ್ಬಿಯಂಥ ಮನೆ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗಬೇಕು. ಓಡುವಾಗ ಒಳಗೆ ಯಾರೂ ಕೂರಕೂಡದು, ಅದು ಕಾನೂನು. ಹುಲ್ಲುಬಯಲಿನಲ್ಲಿ ನಿಲ್ಲಿಸಿ, ವಿದ್ಯುತ್ತಿನ ತಂತಿ ಸಿಕ್ಕಿಸಿ, ನೀರಿನ ಪೀಪಾಯಿಯನ್ನು ಉರುಳಿಸಿ ತಂದರೆ ಸಂಸಾರ ಆರಂಭ.

ಈ ಹವ್ಯಾಸಕ್ಕೆ ಮೂಲಪುರುಷನೆನ್ನಬಹುದಾದವನು ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ. ನೌಕಾಪಡೆಯಿಂದ ನಿವೃತ್ತನಾಗಿ ಹುಡುಗರಿಗೆ ಸಾಹಸದ ಕಥೆ ಬರೆದುಕೊಂಡಿದ್ದವನು. 1885ರಲ್ಲಿ ಬ್ರಿಸ್ಟಲ್ಲಿನಲ್ಲಿ ‘ವಾಂಡರರ್’ ಎಂಬ ಗಾಡಿ ಕಟ್ಟಿಸಿ, ಎರಡು ಕುದುರೆ ಹೂಡಿಸಿ, ನಾವಿರುವ ರೆಡಿಂಗ್ ಪಟ್ಟಣಕ್ಕೆ ಹತ್ತಿರದ ಟ್ವೈಫರ್ಡಿನಿಂದ ಹೊರಟು ಉತ್ತರದ ಇನ್ವರ್ನೆಸ್ಸಿನವರೆಗೆ ಹೋದ. ಸೇವಕನೊಬ್ಬ ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಹೋಗಿ ದಾರಿ ನೋಡುತ್ತಿದ್ದನಂತೆ. ಗಾಡಿಯನ್ನು ಕಟ್ಟಿದ್ದು ಒಬ್ಬ ಗೃಹಸ್ಥನ ಸುಖಕ್ಕೆ ತಕ್ಕಂತೆ. ಅಂಥವನಿಗೆ ನಕ್ಷೆಯ ತೊಡಕಾದರೂ ಏನಿದ್ದೀತು? ತೊಡಕು ಹುಟ್ಟುವುದು ಮಕ್ಕಳೊಂದಿಗೆ; ಬಲಿಯುವುದು ಆ ಮಕ್ಕಳು ಬೆಳೆದಾಗ.

ನಮ್ಮ ಮಗಳಿಗೆ 16 ವರ್ಷ, ಮಗನಿಗೆ 14. ಚಿಕ್ಕಂದಿನಲ್ಲಿ ಬಾಡಿಗೆಯ ಕ್ಯಾರವಾನಿನಲ್ಲಿ ಇಬ್ಬರನ್ನೂ ಒಂದೇ ಮೂಲೆಗೆ ತುರುಕಿದರೂ ಬೆಕ್ಕಿನ ಮರಿಗಳಂತೆ ನಿದ್ದೆ ಹೋಗುತ್ತಿದ್ದರು. ಈಗ ಮಗ ನನಗಿಂತ ಎರಡು ಅಂಗುಲ ಎತ್ತರ. ಮಗಳು ರಜಾದಿನಗಳಿಗೆ ನಮ್ಮೊಡನೆ ಬರುವುದೇ ಅನುಮಾನವೆಂಬ ಸ್ಥಿತಿ. ಇನ್ನೆರಡು ವರ್ಷಕ್ಕೆ ವಿಶ್ವವಿದ್ಯಾನಿಲಯಕ್ಕೆ ಹೊರಟುಹೋಗುವವಳು. ಆ ಎರಡು ಬೇಸಿಗೆಯಾದರೂ ನಾಲ್ವರೂ ಒಂದೇ ಸೂರಿನ ಕೆಳಗೆ ಕಳೆಯಬೇಕೆಂಬುದು ನನ್ನ ಹೆಂಡತಿಯ ಆಸೆ. ಬಾಯಿಬಿಟ್ಟು ಹೇಳಲಿಲ್ಲವಾದರೂ ನನ್ನದೂ ಅದೇ.

ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಎನ್‌ಇಸಿ ಎಂಬ ದೊಡ್ಡ ಮಂಟಪದಲ್ಲಿ ಕ್ಯಾರವಾನುಗಳ ಪ್ರದರ್ಶನ ನಡೆಯುತ್ತದೆ. ನಮ್ಮ ಸಂಸಾರ ಅಳತೆಯ ಪಟ್ಟಿ ಹಿಡಿದು ಅಲ್ಲಿಗೆ ಹೋಯಿತು. ನೋಡಿದ ಗಾಡಿಗಳನ್ನೆಲ್ಲ ಮೂರು ಜಾತಿಗೆ ಸೇರಿಸಬಹುದು. ಮೊದಲನೆಯದರಲ್ಲಿ ಹಿಂಭಾಗದಲ್ಲಿ ಕದಲದ ಜೋಡಿಹಾಸಿಗೆ, ಮುಂದೆ ಎದುರುಬದುರು ಸೋಫಾಗಳು. ಹಿರಿಯರಿಗೆ ಅರಮನೆ, ಮಕ್ಕಳಿಗೆ ರಾತ್ರಿ ಸೋಫಾ. ಎರಡನೆಯದರಲ್ಲಿ ಹಿಂದೊಂದು ಬೈಠಕ್ಕು, ಮುಂದೊಂದು ಬೈಠಕ್ಕು, ನಡುವೆ ಅಡಿಗೆ ಮತ್ತು ಬಚ್ಚಲು. ಹಗಲಿಗೆ ಎರಡು ಕೋಣೆ, ರಾತ್ರಿಗೆ ಎಲ್ಲವನ್ನೂ ಬಿಚ್ಚಿ ಹಾಸಬೇಕು. ಮೂರನೆಯದರಲ್ಲಿ ಹಿಂದಿನ ಮೂಲೆಯಲ್ಲಿ ರೈಲಿನಂತೆ ಒಂದರ ಮೇಲೊಂದು ಮಂಚ, ನಡುವೆ ಅಡಿಗೆಯ ಎದುರಿಗೆ ಊಟದ ಮೇಜು, ಮುಂದೆ ಸೋಫಾಗಳು. ಮೇಜನ್ನು ತಗ್ಗಿಸಿ ಮೆತ್ತೆ ಹರಡಿದರೆ ಅದೂ ಹಾಸಿಗೆ.

ಈ ಬಿಚ್ಚಿ ಹಾಸುವ ವಿದ್ಯೆ ನಮಗೆ ಹೊಸದೇನಲ್ಲ. ನಾನು ಬೆಳೆದ ಮನೆಯಲ್ಲಿ ಮಲಗುವ ಕೋಣೆಯೆಂಬುದೇ ಇರಲಿಲ್ಲ. ರಾತ್ರಿ ನಡುಮನೆಯಲ್ಲಿ ಸಾಲಾಗಿ ಹಾಸಿಗೆ ಬಿಚ್ಚಿದರೆ ಬೆಳಗ್ಗೆ ಸುರುಳಿ ಸುತ್ತಿ ಮೂಲೆಗಿಡುವುದು. ಆದರೆ ಅಲ್ಲಿ ಅಜ್ಜಿ ಎದ್ದಳೆಂದರೆ ಎಲ್ಲರೂ ಏಳಲೇಬೇಕು. ಇಲ್ಲಿನ ಮಕ್ಕಳ ವೇಳಾಪಟ್ಟಿ ಬೇರೆ. ನಾವಿಬ್ಬರೂ ಆರಕ್ಕೆ ಎದ್ದು ಕಾಫಿಗೆ ಹವಣಿಸುವವರು. ಅವರಿಗೆ ಹತ್ತಾದರೂ ಬೆಳಗಾಗದು. ಚಿಕ್ಕ ಮಕ್ಕಳ ಪ್ರಶ್ನೆ ಎಲ್ಲಿ ಮಲಗುತ್ತಾರೆಂಬುದು. ದೊಡ್ಡ ಮಕ್ಕಳದು ಯಾವಾಗ ಏಳುತ್ತಾರೆಂಬುದು. ಒಬ್ಬರ ಹಾಸಿಗೆ ಇನ್ನೊಬ್ಬರ ಕಾಫಿಮೇಜಾಗಿರುವ ನಕ್ಷೆಯಲ್ಲಿ ಮೂರನೆಯ ದಿನಕ್ಕೆ ಜಗಳ ಖಂಡಿತ. ಹೀಗೆ ಮೊದಲನೆಯ ಜಾತಿ ತಾನಾಗಿಯೇ ಬಿದ್ದುಹೋಯಿತು.

ಮಾರುವವರ ಚಿತ್ರಗಳಲ್ಲಿ ಮಕ್ಕಳೆಂದರೆ ಯಾವಾಗಲೂ ಎಂಟು ವರ್ಷದವರೇ. ಅಟ್ಟದ ಮಂಚಗಳನ್ನು ಅಳೆದರೆ ಉದ್ದ ಆರು ಅಡಿ ಮುಟ್ಟುವುದು ಕಷ್ಟ. ಅಗಲ ಸುಮಾರು ಎರಡು ಅಡಿ. ಮೇಲಿನ ಮಂಚಕ್ಕೆ ತೂಕದ ಮಿತಿಯೂ ಉಂಟು; ಬೆಳೆದ ಹುಡುಗರ ತಂದೆತಾಯಿ ಇದನ್ನು ಕೇಳಿಯೇ ತಿಳಿಯಬೇಕು. ಪಟ್ಟಿಗಿಂತ ಮೈಯೇ ಒಳ್ಳೆಯ ಅಳತೆಗೋಲು. ಆದ್ದರಿಂದ ನಾವು ಚಪ್ಪಲಿ ಕಳಚಿಟ್ಟು, ಪ್ರತಿಯೊಂದು ಗಾಡಿಯಲ್ಲೂ ಅವರವರ ಜಾಗದಲ್ಲಿ ಮಲಗಿ ನೋಡಿದೆವು. ಬಳಿಕ ನಾಲ್ವರೂ ಮೇಜಿನ ಸುತ್ತ ಹತ್ತು ನಿಮಿಷ ಕೂತೆವು. ಇಂಗ್ಲೆಂಡಿನಲ್ಲಿ ಮಳೆ ಹಿಡಿದರೆ ದಿನವೆಲ್ಲ ಹಾಗೆಯೇ ಕೂರಬೇಕಾದೀತು. ಮಗಳು ಮಾತ್ರ ಮಲಗಲಿಲ್ಲ, ಕೂರಲೂ ಒಪ್ಪಲಿಲ್ಲ. ಒಳಗೆ ಬಂದವಳು ಒಂದೇ ಪ್ರಶ್ನೆ ಕೇಳಿ ಇಳಿದುಬಿಡುತ್ತಿದ್ದಳು: “ಬಾಗಿಲು ಇದೆಯಾ?”

ಆ ಪ್ರಶ್ನೆಗೆ ಎರಡನೆಯ ಜಾತಿ ಉತ್ತರ ಕೊಡಬಲ್ಲದು, ಆದರೆ ಅರ್ಧ ಮಾತ್ರ. ಹಿಂದಿನ ಬೈಠಕ್ಕನ್ನು ಅಡ್ಡಬಾಗಿಲಿನಿಂದ ಮುಚ್ಚಿದರೂ ಒಳಗೆ ಅಕ್ಕ ತಮ್ಮ ಇಬ್ಬರೂ ಇರಬೇಕು. ತಮ್ಮನನ್ನು ಹೊರಗೆ ಡೇರೆಯಲ್ಲಿ ಮಲಗಿಸೋಣವೆಂದೆ. ಇಲ್ಲಿ ಅನೇಕ ಸಂಸಾರಗಳು ಹಾಗೆ ಮಾಡುತ್ತವೆ, ಹುಡುಗನಿಗೂ ಒಪ್ಪಿಗೆಯೇ. ಮಳೆಯ ಹೆಸರೆತ್ತಿ ಅವನ ತಾಯಿ ತಡೆದಳು.

ನಡುವೆ ತೂಕದ ವಿಚಾರವೊಂದಿದೆ. ತುಂಬಿದ ಗಾಡಿ ಕಾರಿನ ತೂಕದ ನೂರಕ್ಕೆ 85 ಭಾಗವನ್ನು ಮೀರಬಾರದೆಂಬುದು ಹೊಸಬರಿಗೆ ಹೇಳುವ ಬುದ್ಧಿವಾದ. ಕಾನೂನಲ್ಲ, ಆದರೆ ಪಾಲಿಸತಕ್ಕದ್ದು. ಸಾಮಾನಿಗೆ ಬಿಡಬೇಕಾದ ಕನಿಷ್ಠ ಹೊರೆಗೆ ಯುರೋಪಿನ ಸೂತ್ರವೊಂದುಂಟು: ಮಲಗುವ ತಲೆಯೊಂದಕ್ಕೆ 10 ಕಿಲೋ, ಒಡಲಿನ ಉದ್ದದ ಮೀಟರಿಗೆ 10 ಕಿಲೋ, ಮೇಲೆ 30. ಆರು ಮೀಟರಿನ, ಆರು ಹಾಸಿಗೆಯ ಗಾಡಿಗೆ 150 ಕಿಲೋ ಆಯಿತು. ಕೇಳಲು ಬಹಳ. ಆದರೆ ಮುಂಗಡೆಯ ಡೇರೆ, ಕುರ್ಚಿಗಳು, ಹಾಸಿಗೆಬಟ್ಟೆ, ಮಗನ ಬೂಟುಗಳು, ಮಗಳ ಪುಸ್ತಕಗಳು, ನಮ್ಮ ಕುಕ್ಕರು, ಅಕ್ಕಿ, ಇಡ್ಲಿಯ ತಟ್ಟೆ ಇಷ್ಟನ್ನು ತೂಗಿದರೆ ಗೊತ್ತಾಗುತ್ತದೆ. ಅದರಲ್ಲೂ ಭಾರವನ್ನು ಹಿಂಭಾಗದ ಮಂಚಗಳ ಮೇಲೆ ಹೇರಬಾರದು. ಬಾಲ ಭಾರವಾದರೆ ಗಾಡಿ ರಸ್ತೆಯಲ್ಲಿ ತೊನೆಯತೊಡಗುತ್ತದೆ. ಅಕ್ಕಿಯ ಚೀಲ ಅಚ್ಚಿನ ಮೇಲೆ, ನೆಲದ ಮಟ್ಟದಲ್ಲಿರಬೇಕು.

ಕೊನೆಯ ಚರ್ಚೆ ಮನೆಯಲ್ಲಿ ನಡೆಯಿತು. ಕದಲದ ಜೋಡಿಹಾಸಿಗೆಯ ಮೋಹ ನನ್ನನ್ನು ಬಿಟ್ಟಿರಲಿಲ್ಲ. ಮಕ್ಕಳು ಬರುವುದು ಎರಡು ವರ್ಷ, ನಾವು ತಿರುಗುವುದು ಇಪ್ಪತ್ತು ವರ್ಷ, ಬೆನ್ನುನೋವು ಈಗಲೇ ಇದೆ ಎಂದು ವಾದಿಸಿದೆ. ಹೆಂಡತಿ ಕೇಳಿಸಿಕೊಂಡು, “ಇಪ್ಪತ್ತು ವರ್ಷಕ್ಕೆ ಬೇಕಾದ್ದನ್ನು ಆಮೇಲೆ ಕೊಳ್ಳಬಹುದು. ಎರಡು ವರ್ಷಕ್ಕೆ ಬೇಕಾದ್ದನ್ನು ಈಗಲೇ ಕೊಳ್ಳಬೇಕು” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂರನೆಯ ಜಾತಿಯದೇ ಹತ್ತು ವರ್ಷದ ಹಳೆಯ ಗಾಡಿಯೊಂದನ್ನು ಕೊಂಡೆವು. ಹಳೆಯ ಕ್ಯಾರವಾನಿಗೆ ಶತ್ರುವೆಂದರೆ ತೇವ. ಗೋಡೆಗೆ ಮಾಪಕ ಹಿಡಿಸಿ, ನೂರಕ್ಕೆ 15ರೊಳಗೇ ಇದೆಯೆಂದು ಖಚಿತವಾದ ಮೇಲೆಯೇ ಹಣ ಕೊಟ್ಟದ್ದು. ಹಿಂದಿನ ಮಂಚಗಳ ಮೂಲೆ ಮಗಳದು, ಮಡಿಚುವ ಬಾಗಿಲಿದೆ. ನಡುವಿನ ಮೇಜು ಮಗನದು. ಆರು ಅಡಿ ಒಂದು ಅಂಗುಲ, ಅವನ ಕಾಲಿಗೆ ಸಾಕು. ಬಚ್ಚಲಿಗೆ ಹೋಗುವವರೆಲ್ಲ ಅವನ ಪಕ್ಕದಲ್ಲೇ ಹಾಯಬೇಕು, ಒಲೆಯೂ ಎದುರಿಗೇ. ಆದರೆ ಅವನು ಡೋಲು ಬಡಿದರೂ ಏಳುವ ಪ್ರಾಣಿಯಲ್ಲ. ಅಕ್ಕನಿಗೆ ಮಾತ್ರ ಚಮಚ ಬಿದ್ದರೂ ಎಚ್ಚರ. ನಮ್ಮಿಬ್ಬರದು ಮುಂದಿನ ಸೋಫಾ. ಆರಕ್ಕೆ ಎದ್ದು ಹಾಸಿಗೆ ಮಡಿಚಿಟ್ಟರೆ ಅದೇ ಕಾಫಿಯ ಜಾಗ.

ಗಾಡಿಯಲ್ಲಿ ಆರು ಹಾಸಿಗೆಯಿದ್ದರೂ ಕಾರಿನಲ್ಲಿ ಐದೇ ಆಸನ. ಮಗಳ ಮಂಚದ ಮೇಲಿನ ಅಟ್ಟ ಹೇಗೂ ಖಾಲಿ ಇರುತ್ತದಲ್ಲ, ಪೆಟ್ಟಿಗೆಗಳನ್ನಿಡಲು ಆದೀತೆಂದು ನಾನು ಎಣಿಕೆ ಹಾಕಿದ್ದೆ. ಕಳೆದ ವಾರ ಆಗಸ್ಟ್ ತಿಂಗಳಿಗೆ ವೇಲ್ಸಿನ ಕಡಲತೀರದಲ್ಲಿ ಜಾಗ ಗೊತ್ತುಮಾಡುತ್ತಿದ್ದಾಗ ಮಗಳು ಹಿಂದೆ ಬಂದು ನಿಂತು, ತನ್ನ ಗೆಳತಿಯನ್ನೂ ಕರೆತರಬಹುದೇ, ಮೇಲಿನ ಅಟ್ಟ ಎಷ್ಟು ತೂಕ ತಾಳುತ್ತದೆ ಎಂದು ಕೇಳಿದಳು. ಅವಳು ಬರುತ್ತಾಳೆಂಬುದು ನಮಗೆ ತಿಳಿದದ್ದು ಆಗಲೇ. ಪೆಟ್ಟಿಗೆಗಳಿಗೆ ಬೇರೆ ಜಾಗ ಹುಡುಕುತ್ತಿದ್ದೇನೆ.