ರುನು ಏನಾದಳು ಎಂದು ಕೇಳಿದವರು

ದೀಪಾ ಅನಪ್ಪಾರ ಅವರ ‘ಜಿನ್ ಪಟ್ರೋಲ್ ಆನ್ ದ ಪರ್ಪಲ್ ಲೈನ್’ ಕಾದಂಬರಿಯ ಬಗ್ಗೆ ಓದುಗರು ಒಂದೇ ಮಾತು ಆಡಿದ್ದನ್ನು ನಾನು ಕೇಳಿಲ್ಲ. 2020ರಲ್ಲಿ ಇಂಗ್ಲಿಷಿನಲ್ಲಿ ಬಂದ ಈ ಪುಸ್ತಕ ಅದೇ ವರ್ಷ ಜೆಸಿಬಿ ಸಾಹಿತ್ಯ ಪ್ರಶಸ್ತಿಯ ಕಿರುಪಟ್ಟಿ ಸೇರಿತು, ಮರುವರ್ಷ ಅಮೆರಿಕದಲ್ಲಿ ಅಪರಾಧ ಕಥನಗಳಿಗೆ ಕೊಡುವ ಎಡ್ಗರ್ ಪ್ರಶಸ್ತಿಯನ್ನೂ ಪಡೆಯಿತು. ಆದರೆ ಪತ್ತೇದಾರಿ ಕಾದಂಬರಿ ಎಂದು ಕೈಗೆತ್ತಿಕೊಂಡ ಎಷ್ಟೋ ಜನ ಕೊನೆಯ ಪುಟಕ್ಕೆ ಬಂದು ಮುನಿಸಿಕೊಂಡಿದ್ದಾರೆ.

ಜೈ ಒಂಬತ್ತು ವರ್ಷದ ಹುಡುಗ. ಹೆಸರಿಲ್ಲದ ಒಂದು ಉತ್ತರ ಭಾರತದ ನಗರ, ಚಳಿಗಾಲದ ಕೊಳಕು ಹೊಗೆ, ಕಸದ ಗುಡ್ಡೆಯ ಪಕ್ಕದ ಬಸ್ತಿ, ಅದರಾಚೆ ‘ಹೈ-ಫೈ’ ಕಟ್ಟಡಗಳು. ಪುಸ್ತಕದ ಹೆಸರು ಕೇಳಿದ ಬೆಂಗಳೂರಿನವರಿಗೆ ನಮ್ಮ ಮೆಟ್ರೋದ ನೇರಳೆ ಮಾರ್ಗ ನೆನಪಾಗುತ್ತದೆ, ಆದರೆ ಇದು ಆ ಊರಲ್ಲ. ಜೈಯ ತರಗತಿಯ ಬಹಾದೂರ್ ಎಂಬ, ಉಗ್ಗುವ ಹುಡುಗ ಕಾಣೆಯಾಗುತ್ತಾನೆ. ಮಗನನ್ನು ಹುಡುಕಿಕೊಡಿ ಎಂದು ಅಂಗಲಾಚುವ ತಾಯಿಯ ಕೊರಳ ಚಿನ್ನದ ಸರ ಪೊಲೀಸರ ಪಾಲಾಗುತ್ತದೆ. ಹೆಚ್ಚು ಗಲಾಟೆ ಮಾಡಿದರೆ ಬಸ್ತಿಯನ್ನೇ ಕೆಡವುತ್ತೇವೆ ಎಂಬ ಬೆದರಿಕೆ ಬೇರೆ. ಟಿವಿಯ ಅಪರಾಧ ಕಾರ್ಯಕ್ರಮಗಳನ್ನು ನೋಡಿ ಬೆಳೆದ ಜೈ ತನ್ನ ಗೆಳೆಯರಾದ ಪರಿ ಮತ್ತು ಫೈಜ್‌ರನ್ನು ಕಟ್ಟಿಕೊಂಡು ಪತ್ತೇದಾರಿಕೆಗೆ ಇಳಿಯುತ್ತಾನೆ. ಒಬ್ಬೊಬ್ಬರಾಗಿ ಮತ್ತಷ್ಟು ಮಕ್ಕಳು ಮಾಯವಾಗುತ್ತಾರೆ. ಕಡೆಗೆ ಅವನ ಅಕ್ಕ ರುನು, ಓಟದಲ್ಲಿ ಗೆದ್ದು ಆ ಬಸ್ತಿಯಿಂದಲೇ ಹೊರಗೆ ಓಡಬೇಕೆಂದಿದ್ದ ಹುಡುಗಿ, ಮನೆಗೆ ಬರುವುದಿಲ್ಲ. ಅವಳು ಏನಾದಳು ಎಂದು ಪುಸ್ತಕ ಖಚಿತವಾಗಿ ಹೇಳುವುದಿಲ್ಲ.

ಈ ಪುಸ್ತಕವನ್ನು ನಮ್ಮ ಓದುಗರ ಬಳಗಕ್ಕೆ ಆರಿಸಿದ್ದು ನಾನು. ಬಳಗದ ಸಂಚಾಲನೆಯೂ ನನ್ನದೇ. ಪುಸ್ತಕ ನನಗೆ ತುಂಬ ಹಿಡಿಸಿತ್ತು. ಸಭೆಗೆ ಹೋಗುವಾಗ ಅದರ ಪರವಾಗಿ ವಾದಿಸಬೇಕಾದ ವಕೀಲರಂತೆ ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ನಾನು ಎಡವಿದ್ದು ಅಲ್ಲೇ, ಯಾರೂ ಬಾಯಿ ತೆರೆಯುವ ಮೊದಲೇ.

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಮೊದಲು ಮಾತಾಡಿದರು. “ಆ ಹುಡುಗ ಪುಟಪುಟಕ್ಕೂ ನಗಿಸೋಕೆ ನೋಡ್ತಾನೆ. ಮಕ್ಕಳು ಕಾಣೆಯಾಗ್ತಿರೋವಾಗ ನನಗೆ ನಗು ಬರಲಿಲ್ಲ, ಸಿಟ್ಟು ಬಂತು” ಎಂದರು. ನನ್ನ ಬಳಿ ಉತ್ತರ ಸಿದ್ಧವಿತ್ತು. ಪುಸ್ತಕದ ಕೊನೆಯಲ್ಲಿ ಲೇಖಕಿಯ ಟಿಪ್ಪಣಿಯಿದೆ. ಪತ್ರಕರ್ತೆಯಾಗಿದ್ದಾಗ ತಾವು ಮಾತಾಡಿಸಿದ ಬಡ ಮಕ್ಕಳಲ್ಲಿ ತುಂಟತನವೂ ತಮಾಷೆಯೂ ತುಂಬಿದ್ದವು, ಅವರನ್ನು ಬರೀ ನೊಂದವರನ್ನಾಗಿ ತೋರಿಸುವುದು ಅನ್ಯಾಯ ಎಂಬ ಅರ್ಥದ ಮಾತು ಅಲ್ಲಿದೆ. ಅದನ್ನು ಹೇಳಿ, “ಹಾಗಾಗಿ ಇದು ಉದ್ದೇಶಪೂರ್ವಕ ಸರ್” ಎಂದು ಮುಗಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಮಾತಾಡಲಿಲ್ಲ.

ಇನ್ನೊಬ್ಬರಿಗೆ ರುನು ಏನಾದಳು ಎಂದು ತಿಳಿಯದ್ದು ಮೋಸ ಅನ್ನಿಸಿತ್ತು. “ಇಷ್ಟು ಓದಿಸಿಕೊಂಡು ಹೋಗಿ ಕೊನೆಗೆ ಕೈಬಿಟ್ಟರೆ ಹೇಗೆ?” ಎಂದರು. ಅವರಿಗೆ ನಿಠಾರಿಯ ಉದಾಹರಣೆ ಕೊಟ್ಟೆ. ನೋಯ್ಡಾದ ಆ ಊರಿನಿಂದ ಮಕ್ಕಳು ಕಾಣೆಯಾಗುತ್ತಿದ್ದರು. ದೂರು ಹೊತ್ತು ಹೋದ ಹೆತ್ತವರನ್ನು ಪೊಲೀಸರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 2006ರ ಡಿಸೆಂಬರಿನಲ್ಲಿ ಒಂದು ಮನೆಯ ಹಿಂದಿನ ಚರಂಡಿಯಲ್ಲಿ ಅವಶೇಷಗಳು ಸಿಕ್ಕವು. 2023ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ತನ್ನ ಮುಂದಿದ್ದ ಪ್ರಕರಣಗಳಲ್ಲಿ ಆರೋಪಿಗಳಿಬ್ಬರನ್ನೂ ಖುಲಾಸೆ ಮಾಡಿತು. ಕಾದಂಬರಿ ನಿಠಾರಿಯ ಕಥೆಯಲ್ಲ, ಆದರೆ ನಿಜವಾದ ಹೆತ್ತವರಿಗೇ ಸಿಗದ ಉತ್ತರವನ್ನು ಕಾದಂಬರಿ ಯಾಕೆ ಕೊಡಬೇಕು ಎಂದು ಕೇಳಿದೆ. ಆ ವಾದವನ್ನು ನಾನು ಇಂದಿಗೂ ಒಪ್ಪುತ್ತೇನೆ. ಆದರೆ ಅದನ್ನು ಹೇಳಿದ ರೀತಿಗೆ ಈಗ ನಾಚಿಕೆಯಾಗುತ್ತದೆ. ಸತ್ತ ಮಕ್ಕಳನ್ನು ನಡುವೆ ತಂದಿಟ್ಟರೆ ಒಂದು ಪುಸ್ತಕ ಇಷ್ಟವಾಗಲಿಲ್ಲ ಎನ್ನುವ ಧೈರ್ಯ ಯಾರಿಗೆ ಉಳಿಯುತ್ತದೆ?

ಆಮೇಲೆ ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದವರು ಕೈಯೆತ್ತಿದರು. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದು. “ನನಗೆ ಆ ಜಿನ್, ದೆವ್ವ ಎಲ್ಲ ಬೇಕಿರಲಿಲ್ಲ. ಆದರೆ ಜೈಯ ಶಾಲೆಯ ಆ ಕಿರ್ಪಾಲ್ ಮೇಷ್ಟ್ರು ಇದಾರಲ್ಲ, ಹಾಜರಿ ವಿಷಯ…” ಎಂದು ಶುರುಮಾಡಿ ತಮ್ಮ ಶಾಲೆಯ ಮಾತಿಗೆ ಬಂದರು. ಸಮಯ ಮೀರುತ್ತಿತ್ತು. ಚರ್ಚೆ ಪುಸ್ತಕ ಬಿಟ್ಟು ಹೊರಗೆ ಹೋಗುತ್ತಿದೆ ಅನ್ನಿಸಿತು. “ಟೀಚರ್, ಪುಸ್ತಕಕ್ಕೆ ಬರೋಣ” ಎಂದೆ. ಅವರು “ಹೂಂ, ಸರಿ” ಎಂದು ಕೂತರು.

ಸಭೆ ನನ್ನ ಲೆಕ್ಕದಲ್ಲಿ ಚೆನ್ನಾಗಿಯೇ ಮುಗಿಯಿತು. ಮುಂದಿನ ತಿಂಗಳುಗಳಲ್ಲಿ ಟೀಚರ್ ಬರಲಿಲ್ಲ, ಹಿರಿಯರೂ ಬರಲಿಲ್ಲ. ಬಂದವರೋ, ನಾನು ಏನು ಹೇಳುತ್ತೇನೆಂದು ಕಾದು ನೋಡಿ ಅದಕ್ಕೆ ತಲೆದೂಗತೊಡಗಿದರು. ಪುಸ್ತಕ ಮುಟ್ಟದೆ ಬಂದವರೂ ತಲೆದೂಗಬಹುದಿತ್ತು. ಸ್ವಲ್ಪ ದಿನದಲ್ಲಿ ಬಳಗ ನಿಂತೇ ಹೋಯಿತು. ಜನರಿಗೆ ಓದಲು ಬಿಡುವಿಲ್ಲ ಎಂದು ಸಮಾಧಾನ ಮಾಡಿಕೊಂಡೆ, ಬೇರೆಯವರಿಗೂ ಹಾಗೆಯೇ ಹೇಳಿದೆ.

ಈ ಬರಹಕ್ಕೆ ಕಾರಣವಾದದ್ದು ಆ ಪುಸ್ತಕವನ್ನು ಮತ್ತೆ ತೆರೆದದ್ದು. ಸಭೆಯಲ್ಲಿ ನಾನು ಅಸ್ತ್ರದ ಹಾಗೆ ಬಳಸಿದ್ದ ಲೇಖಕಿಯ ಟಿಪ್ಪಣಿಯನ್ನೇ ಓದಿದೆ. ಮೊದಲ ಓದಿನಲ್ಲಿ ನಾನು ದಾಟಿಹೋಗಿದ್ದ ಸಾಲುಗಳು ಅಲ್ಲಿದ್ದವು. ಈ ಕಥೆ ಬರೆಯಲು ಅವರು ಹಿಂಜರಿದಿದ್ದರು. ಬೇರೊಂದು ಸಮುದಾಯದವರ ಕಥೆಯನ್ನು ಹೇಳುವ ಹಕ್ಕು ಯಾರಿಗಿದೆ, ಇಂಥ ದುರಂತದ ಕಥೆ ಬಡವರನ್ನು ಅವರ ಕಷ್ಟಗಳಿಗಷ್ಟೇ ಇಳಿಸಿಬಿಡುವುದಿಲ್ಲವೇ ಎಂಬ ಅಳುಕು ಅವರನ್ನು ಬಹಳ ಕಾಲ ಕಾಡಿತ್ತು. ಆ ಹಿರಿಯರ ಸಿಟ್ಟಿನ ಒಳಗಿದ್ದುದೂ ಇದರ ಒಡಹುಟ್ಟಿದ ಪ್ರಶ್ನೆಯೇ: ಇಂಥ ನೋವನ್ನು ಯಾವ ದನಿಯಲ್ಲಿ ಹೇಳಬೇಕು? ಬರೆದವರನ್ನೇ ತಡೆದು ನಿಲ್ಲಿಸಿದ್ದ ಸಂಶಯವನ್ನು ನಾನು ಓದಲು ಬಾರದವರ ತಪ್ಪೆಂದು ತಳ್ಳಿಹಾಕಿದ್ದೆ. ಲೇಖಕಿಯ ಉದ್ದೇಶ ಒಳ್ಳೆಯದಿತ್ತು ಎಂದ ಮಾತ್ರಕ್ಕೆ ಅದು ಪುಟದ ಮೇಲೆ ಈಡೇರಿದೆ ಎಂದಾಗುವುದಿಲ್ಲ. ಈಡೇರಿತೇ ಎಂದು ಹೇಳಬೇಕಾದವರು ಓದಿದವರು, ನಾನು ಸುಮ್ಮನಾಗಿಸಿದವರು.

ಟೀಚರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದೆ. “ಅಯ್ಯೋ, ಅದೆಲ್ಲ ಮರೆತಿದೀನಿ ಬಿಡಿ” ಎಂದರು, ಆದರೆ ಮರೆತಿರಲಿಲ್ಲ. ಅಂದು ಏನು ಹೇಳಹೊರಟಿದ್ದಿರಿ ಎಂದು ಕೇಳಿದಾಗ ತಡವರಿಸದೆ ಹೇಳಿದರು. ಕಾದಂಬರಿಯಲ್ಲಿ ಬಹಾದೂರ್ ಶಾಲೆಗೆ ಬಾರದೆ ದಿನಗಳು ಕಳೆದರೂ ಮೇಷ್ಟರಿಗೆ ಅದು ಸುದ್ದಿಯೇ ಅಲ್ಲ. ಟೀಚರ್ ಪ್ರಕಾರ ಇಡೀ ಪುಸ್ತಕದ ಅತಿ ಭಯಾನಕ ಜಾಗ ಅದು, ಜಿನ್‌ಗಳದ್ದಲ್ಲ. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಅವರ ಶಾಲೆಗೂ ಸೇರುತ್ತಿದ್ದರು, ಒಂದು ದಿನ ಬರುವುದು ನಿಲ್ಲಿಸುತ್ತಿದ್ದರು. ‘ಊರಿಗೆ ಹೋಗಿದ್ದಾರೆ’ ಎಂದು ಯಾರೋ ಹೇಳುತ್ತಿದ್ದರು, ಟೀಚರ್ ಅದನ್ನೇ ಬರೆದುಕೊಂಡು ಮುಂದೆ ಹೋಗುತ್ತಿದ್ದರು. “ನಿಜವಾಗ್ಲೂ ಊರಿಗೆ ಹೋದ್ವಾ ಅಂತ ನಾನೂ ಒಂದು ಸಲ ಹೋಗಿ ನೋಡಲಿಲ್ಲ. ಹೋಗಿರ್ತಾರೆ, ಹೆಚ್ಚಿನವರು ಹೋಗೇ ಇರ್ತಾರೆ. ಆದ್ರೆ ಆ ಪುಟ ಓದಿದ ರಾತ್ರಿ ನನಗೆ ಕೆಲವು ಹೆಸರು ನೆನಪಾದ್ವು” ಎಂದರು.

ಕಾಣೆಯಾದ ಮಗುವಿನ ದೂರನ್ನು ಪ್ರಥಮ ವರ್ತಮಾನ ವರದಿಯಾಗಿ ದಾಖಲಿಸಲೇಬೇಕು, ಅಪಹರಣವೋ ಸಾಗಣೆಯೋ ಎಂದೇ ಮೊದಲು ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಹೇಳಿದ್ದು ನನಗೆ ಗೊತ್ತಿತ್ತು, ನನ್ನ ಟಿಪ್ಪಣಿಯಲ್ಲೂ ಇತ್ತು. ಆದರೆ ದೂರು ಕೊಡುವವರೇ ಇಲ್ಲದ ಮಗುವಿನ ವಿಷಯ ಆ ಟಿಪ್ಪಣಿಯಲ್ಲಿರಲಿಲ್ಲ. ಅದು ಟೀಚರ್ ಬಳಿ ಇತ್ತು. ಪುಸ್ತಕದ ಆಚೆ ಹೋಗುತ್ತಿದ್ದಾರೆ ಎಂದು ನಾನು ತಡೆದಾಗ ಅವರು ಪುಸ್ತಕದ ನಡುಮಧ್ಯದಲ್ಲಿದ್ದರು.

ಈಗ ಬಳಗವನ್ನು ಮತ್ತೆ ಸೇರಿಸಿದ್ದೇವೆ, ಸಂಚಾಲನೆ ಸರದಿಯ ಮೇಲೆ. ಇಷ್ಟವಾಗಲಿಲ್ಲ ಎಂದವರಿಗೆ ನಾನು ಕೇಳುವುದು ಒಂದೇ: ಯಾವ ಪುಟದಲ್ಲಿ? ಅವರು ಆ ಪುಟ ತೆಗೆದು ಎಲ್ಲರಿಗೂ ಕೇಳುವಂತೆ ಓದುತ್ತಾರೆ, ನಾನು ಕೇಳುತ್ತೇನೆ. ಉತ್ತರ ನಾಲಿಗೆಯ ತುದಿಗೆ ಬಂದಾಗ ತಡೆದುಕೊಳ್ಳುವುದು ನನಗೆ ಸುಲಭವಲ್ಲ.

ಆ ಹಿರಿಯರು ಮರಳಿ ಬಂದಿದ್ದಾರೆ. ಜೈಯ ತಮಾಷೆ ಸಹಿಸಲಾಗದು ಎಂಬ ಅವರ ಅಭಿಪ್ರಾಯ ಬದಲಾಗಿಲ್ಲ. ನನ್ನದು ಅರ್ಧ ಬದಲಾಗಿದೆ. ಪತ್ತೇದಾರಿ ಆಟ ಮಧ್ಯಭಾಗದಲ್ಲಿ ಅಗತ್ಯಕ್ಕಿಂತ ಉದ್ದವಾಯಿತು, ಅಲ್ಲಿ ಅವರ ಸಿಟ್ಟಿಗೆ ಕಾರಣವಿದೆ. ಆದರೆ ರುನು ಹೋದ ಮೇಲಿನ ಪುಟಗಳಲ್ಲಿ ಆ ಆಟ ಜೈಯ ಕೈಯಿಂದ ಜಾರಿಹೋಗುವುದು ಅಷ್ಟು ನೋಯಿಸುವುದು, ಅಲ್ಲಿಯವರೆಗೆ ಅವನು ಅಷ್ಟೊಂದು ಆಡಿದ್ದಕ್ಕೇ ಎಂದು ನನಗನ್ನಿಸುತ್ತದೆ. ಇದನ್ನು ಅವರಿಗೆ ಹೇಳಿದೆ. “ಇರಬಹುದು, ನನಗೆ ಹಾಗನ್ನಿಸಲಿಲ್ಲ” ಎಂದರು. ಮುಂದಿನ ಸಭೆಗೆ ಅವರು ಆ ಪುಟಗಳನ್ನು ಗುರುತು ಹಾಕಿಕೊಂಡು ತರುತ್ತಾರಂತೆ.