ಬೇಕು-ಬೇಡಗಳ ನಡುವೆ ಬ್ಯಾಡರಹಳ್ಳಿ

ವಿಜಯನಗರವನ್ನು ಹಿಂದಿಟ್ಟು ಮಾಗಡಿ ರಸ್ತೆಯಲ್ಲಿ ಪಶ್ಚಿಮಾಭಿಮುಖವಾಗಿ ಸಾಗಿದರೆ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಹೇರೋಹಳ್ಳಿಗಳನ್ನು ದಾಟಿದ ಮೇಲೆ ಬ್ಯಾಡರಹಳ್ಳಿ ಎದುರಾಗುತ್ತದೆ. ಇದೇ ದಾರಿ ಮುಂದೆ ಕೆಂಪೇಗೌಡರ ಮಾಗಡಿಯನ್ನು ತಲುಪುತ್ತದೆ. ಹೆಸರಿನಲ್ಲಿ ಹಳ್ಳಿ ಉಳಿದಿದೆ, ನೋಟದಲ್ಲಿ ಉಳಿದಿಲ್ಲ. ಹೊಲಗಳಿದ್ದೆಡೆ ಬಡಾವಣೆಗಳು ಎದ್ದಿವೆ; ಊರುಕೇರಿ ಬಿಟ್ಟು ಬಂದ ಕುಟುಂಬಗಳು ಇಲ್ಲಿ ನೆಲೆ ಕಂಡುಕೊಂಡಿವೆ.

ನಗರದ ಅಂಚಿನಲ್ಲಿರುವವರನ್ನು ಒಂದು ಕಳವಳ ಸದಾ ಕಾಡುತ್ತದೆ. ರವೀಂದ್ರ ಕಲಾಕ್ಷೇತ್ರದ ನಾಟಕ, ಬಸವನಗುಡಿಯ ಕಡಲೆಕಾಯಿ ಪರಿಷೆ, ಗೆಳೆಯರ ಔತಣಕೂಟ, ಎಲ್ಲವೂ ಬೇರೆಡೆ ನಡೆಯುತ್ತಿವೆ; ತಾವು ಮಾತ್ರ ಹೊರಗುಳಿದೆವು ಎಂಬ ಅಳುಕು ಅದು. ಕೈಯಲ್ಲಿರುವ ಫೋನು ಅನ್ಯರ ಸಂಭ್ರಮವನ್ನು ಕ್ಷಣಕ್ಷಣಕ್ಕೂ ತೋರಿಸಿ ಆ ಅಳುಕನ್ನು ಹೆಚ್ಚಿಸುತ್ತದೆ. ಎಳೆಯರಂತೂ ಯಾವ ಕರೆಗೂ ಇಲ್ಲವೆನ್ನಲಾರದೆ ದಣಿಯುತ್ತಾರೆ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ಮೆಟ್ರೋ ಮೂರನೆಯ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಯವರೆಗಿನ 12.5 ಕಿ.ಮೀ. ಮಾರ್ಗವೂ ಸೇರಿದೆ, ಅದು ಈ ರಸ್ತೆಯಲ್ಲೇ ಸಾಗಲಿದೆ. ಅದು ಬಂದರೆ ದೂರ ತಗ್ಗೀತು, ಕಳವಳ ತಗ್ಗೀತೇ? ನಗರದ ನಡುವೆಯೇ ಇರುವವರೂ ಇದರಿಂದ ಪಾರಾಗಿಲ್ಲ. ಇದು ಮೈಲುಗಳಿಂದ ಹುಟ್ಟಿದ ಭಯವಲ್ಲ, ಮನಸ್ಸಿನ ಅತೃಪ್ತಿಯಿಂದ ಹುಟ್ಟಿದ್ದು.

ಇದಕ್ಕೆ ಮದ್ದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿದೆ. ಲಿಂಗಸುಗೂರಿನ ಬಳಿಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಅಗತ್ಯಕ್ಕೆ ಮಿಗಿಲಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬುದು ಪ್ರಸಿದ್ಧ ಕಥೆ. ಸಿಕ್ಕಿದ್ದೆಲ್ಲ ನಮಗೆ ಬೇಕಾದದ್ದಲ್ಲ ಎಂಬ ವಿವೇಕ ಆಕೆಯದು. ಅದನ್ನು ಮುಚ್ಚುಮರೆಯಿಲ್ಲದೆ ನುಡಿಯಬಲ್ಲ ಸ್ನೇಹವೂ ಆ ದಾಂಪತ್ಯದಲ್ಲಿತ್ತು.

ಗೆಳೆತನಕ್ಕೂ ಇದೇ ಅಳತೆ ಸಲ್ಲುತ್ತದೆ. ಅನುಭವ ಮಂಟಪದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿಮಾಡುವ ಮಾಚಿದೇವ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ಒಂದೆಡೆ ಕುಳಿತರು. ಅವರನ್ನು ಕೂಡಿಸಿದ್ದು ಅಂತಸ್ತಲ್ಲ, ನುಡಿದಂತೆ ನಡೆಯುವ ನಿಷ್ಠೆ. ತಪ್ಪಿದಾಗ ತಿದ್ದುವವನು, ಕಷ್ಟದಲ್ಲಿ ಬಳಿ ನಿಲ್ಲುವವನು, ನಮ್ಮ ಏಳಿಗೆಗೆ ಕರುಬದವನು ನಿಜವಾದ ಗೆಳೆಯ. ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಅಸ್ವಸ್ಥತೆಯಾದರೆ ಯಾರ ಬಾಗಿಲು ತಟ್ಟಬಹುದೆಂದು ನಾವು ಕೇಳಿಕೊಳ್ಳಬೇಕು. ನೂರು ಗುಂಪುಗಳಲ್ಲಿ ಹೆಸರಿದ್ದೂ ತಟ್ಟಲು ಒಂದು ಬಾಗಿಲು ಇಲ್ಲದಿದ್ದರೆ, ನಾವು ಕಳೆದುಕೊಂಡದ್ದು ಯಾವುದೋ ಔತಣಕೂಟವನ್ನಲ್ಲ.

'ಬೇಡ' ಎಂಬುದನ್ನು ನಮ್ಮ ಹಳ್ಳಿಗರು 'ಬ್ಯಾಡ' ಎನ್ನುತ್ತಾರೆ. ಊರ ಹೆಸರಿನ ಮೂಲ ಏನೇ ಇರಲಿ, ಆ ಮಾತನ್ನು ಸಮಯವರಿತು ಆಡಲು ಕಲಿಯುವುದು ಒಳ್ಳೆಯದು. ಹತ್ತು ಕೂಟಗಳಿಗೆ ಬೇಡವೆಂದು, ವಾರಕ್ಕೊಂದು ಸಂಜೆ ನೆರೆಯ ಎರಡು ಮೂರು ಮನೆಯವರು ಮಕ್ಕಳೊಡನೆ ಕೂಡಿ, ಒಂದು ವಚನ ಓದಿ, ಸುಖದುಃಖ ಹಂಚಿಕೊಂಡು, ಇದ್ದುದನ್ನು ಉಂಡೇಳಲಿ. ಅಂಥ ಮನೆಯವರಿಗೆ ಬ್ಯಾಡರಹಳ್ಳಿ ನಗರದ ಅಂಚಾಗಿ ತೋರಲಾರದು.